ಹಾಯಿ ಬಿಚ್ಚದ ಹಾಯಿದೋಣಿ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವರ್ಜೀನಿಯಾದ ನಾರ್ಫೋಕ್ ಬಂದರಿನಿಂದ ಫ್ಲಾರಿಡಾದವರೆಗೆ ನದಿ, ಅಳಿವೆ, ಹಿನ್ನೀರು ಮತ್ತು ತೋಡಿದ ಕಾಲುವೆಗಳನ್ನು ಒಂದಕ್ಕೊಂದು ಕೂಡಿಸಿ ಮಾಡಿದ ದಾರಿಗೆ ಇಂಟ್ರಾಕೋಸ್ಟಲ್ ವಾಟರ್‌ವೇ, ಅಂದರೆ ಕರಾವಳಿಯ ಒಳಜಲಮಾರ್ಗ, ಎಂದು ಹೆಸರು. ಚಳಿಗಾಲವನ್ನು ಫ್ಲಾರಿಡಾದ ಬಿಸಿಲಿನಲ್ಲಿ ಕಳೆದ ಹಾಯಿದೋಣಿಗಳು ವಸಂತದಲ್ಲಿ ಈ ದಾರಿಯಾಗಿಯೇ ಉತ್ತರಕ್ಕೆ ಮರಳುತ್ತವೆ. ಕಾಲುವೆ ಇಕ್ಕಟ್ಟು, ತಿರುವು ಹೆಚ್ಚು, ಗಾಳಿ ಬಹುಮಟ್ಟಿಗೆ ಬೇಡದ ದಿಕ್ಕಿನದು. ಆದಕಾರಣ ಹಾಯಿದೋಣಿಯು ದಿನದ ಹೆಚ್ಚಿನ ಹೊತ್ತು ಹಾಯಿಯನ್ನು ಸುತ್ತಿಟ್ಟು ಡೀಸೆಲ್ ಎಂಜಿನ್ನಿನಿಂದ ಸಾಗುತ್ತದೆಂಬುದು ಅದರ ಒಡೆಯರು ಊರಿನಲ್ಲಿ ಯಾರಿಗೂ ಹೇಳದ ಸಂಗತಿ.

ಹಾಯಿ ಕಟ್ಟುವ ಕಂಬಕ್ಕೆ ಕೂವೆ ಎನ್ನುತ್ತಾರೆ. ಗಾಳಿಗೆಂದು ನಿಲ್ಲಿಸಿದ ಈ ಕೂವೆಗೆ ಇಲ್ಲಿ ಸೇತುವೆಯ ಚಿಂತೆಯೊಂದೇ ಗತಿ. ತೆರೆಯಲು ಬಾರದ ಸೇತುವೆಗಳ ಅಡಿಯಲ್ಲಿ ಉಬ್ಬರದ ವೇಳೆಗೆ ಸಾಮಾನ್ಯವಾಗಿ 65 ಅಡಿ ತೆರಪಿರುತ್ತದೆ. ಆದರೂ ಸೇತುವೆ ಹತ್ತಿರವಾದಂತೆ ಕೂವೆ ತಾಗಿಯೇ ತಾಗುತ್ತದೆಂದು ತೋರುವುದರಿಂದ, ಐದೂವರೆ ಅಡಿ ಎತ್ತರದ ಪ್ರಯಾಣಿಕರೂ ತಮ್ಮ ತಲೆಯನ್ನು ತಗ್ಗಿಸುವರು.

ವೇಗ ಐದಾರು ನಾಟ್. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ. ಫ್ಲಾರಿಡಾದ ನೀರಿನಲ್ಲಿ, ಮ್ಯಾನಟಿ ಎಂಬ ಸಸ್ಯಾಹಾರಿ ಕಡಲಪ್ರಾಣಿಗೆ ಪೆಟ್ಟಾಗದಂತೆ ನಿಧಾನವಾಗಿ ಸಾಗಬೇಕೆಂಬ ಫಲಕಗಳಿವೆ. ಗಾಬರಿಯಾದ ಮ್ಯಾನಟಿ ಅಲ್ಪಕಾಲ ಗಂಟೆಗೆ 24 ಕಿ.ಮೀ. ವೇಗದಲ್ಲಿ ಈಜಬಲ್ಲುದಾದರೂ, ಅದರ ಅರ್ಧ ವೇಗವನ್ನೂ ಮುಟ್ಟದ ದೋಣಿಯ ಚಾಲಕನು ಫಲಕ ಕಂಡೊಡನೆ ಬಹಳ ಗಾಂಭೀರ್ಯದಿಂದ ಎಂಜಿನ್ ತಗ್ಗಿಸುತ್ತಾನೆ.

ದಾರಿ ತೋರಲು ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಕೆಂಪು ತ್ರಿಕೋನ, ಹಸಿರು ಚೌಕದ ಹಲಗೆಗಳಿರುತ್ತವೆ. ಮೀನು ಹಿಡಿಯುವ ಆಸ್ಪ್ರೇ ಹಕ್ಕಿ ಅವುಗಳ ಮೇಲೆ ಕಡ್ಡಿ ಒಟ್ಟಿ, ಬಾಡಿಗೆಯಿಲ್ಲದೆ ಸಂಸಾರ ಹೂಡಿ, ದಾರಿ ಕೇಳಲು ಬಂದ ದೋಣಿಯನ್ನೇ ಅತಿಕ್ರಮಣಕಾರನೆಂದು ಗದರಿಸುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಈಜುತ್ತ ಮೀನು ಮೊಗೆದರೆ, ಅದರ ಬಂಧುವಾದ ಇಲ್ಲಿನ ಕಂದು ಹೆಜ್ಜಾರ್ಲೆ ಆಕಾಶದಿಂದಲೇ ತಲೆಕೆಳಗಾಗಿ ನೀರಿಗೆ ಬೀಳುತ್ತದೆ. ಎದ್ದು ಕೊಕ್ಕಿನ ಚೀಲದ ನೀರು ಬಸಿಯುವಷ್ಟರಲ್ಲಿ ಕಡಲಕ್ಕಿಯೊಂದು ಅದರ ತಲೆಯ ಮೇಲೇ ಕುಳಿತು ಮೀನಿಗೆ ಹೊಂಚುತ್ತದೆ. ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿದ್ದ ಡಿಡಿಟಿಯನ್ನು 1972ರಲ್ಲಿ ನಿಷೇಧಿಸಿದ ಮೇಲೆ ಚೇತರಿಸಿಕೊಂಡ ಕಂದು ಹೆಜ್ಜಾರ್ಲೆಯನ್ನು 2009ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಪೂರ್ತಿಯಾಗಿ ಕೈಬಿಡಲಾಯಿತು. ಕಡಲಕ್ಕಿಯಿಂದ ಅದನ್ನು ಕಾಯುವ ಕಾನೂನು ಮಾತ್ರ ಬಂದಿಲ್ಲ.

ಜಾರ್ಜಿಯಾ ರಾಜ್ಯದ ಉಪ್ಪುನೀರಿನ ಜೌಗಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನಷ್ಟು ಅಂತರ. ದೋಣಿಯ ತಳದಿಂದ ಕೆಳಗಿಳಿದಿರುವ ಭಾರದ ಅಲಗು, ಅಂದರೆ ಕೀಲ್, ಇಳಿತದಲ್ಲಿ ಕೆಸರಿಗೆ ಕಚ್ಚಿಕೊಂಡರೆ ಮುಂದಿನ ಉಬ್ಬರದವರೆಗೆ ಬಿಡುಗಡೆಯಿಲ್ಲ. ಡಾಲ್ಫಿನ್‌ಗಳಿಗಾದರೋ ಅದೇ ಕೆಸರು ಊಟದೆಲೆ. ಅವು ಸಾಲಾಗಿ ನುಗ್ಗಿ, ಅಲೆಯೆಬ್ಬಿಸಿ ಮೀನುಗಳನ್ನು ದಡಕ್ಕೆಸೆದು, ತಾವೂ ಮೇಲೇರಿ, ಸಾಮಾನ್ಯವಾಗಿ ಬಲಮಗ್ಗುಲಾಗಿಯೇ ಒರಗಿ ಮೀನು ಕಚ್ಚಿ, ಹಿಂದಕ್ಕೆ ಜಾರುತ್ತವೆ. ಕೆಸರಿನಿಂದ ಹೊರಬರುವ ಈ ವಿದ್ಯೆ ಕೈಗೂಡದ ದೋಣಿ ನೀರಿಳಿದಂತೆ ಒಂದು ಮಗ್ಗುಲಿಗೆ ವಾಲುತ್ತದೆ. ಒಳಗಿನವರು ಜಾರುವ ತಟ್ಟೆಗಳನ್ನು ಯಾವ ಗೋಡೆಗೆ ಆನಿಸಿಡಬೇಕೆಂದು ಚರ್ಚಿಸುತ್ತಿರುವಾಗ, ಹೊರಗೆ ಡಾಲ್ಫಿನ್‌ಗಳ ಎರಡನೆಯ ಪಂಕ್ತಿ ನಡೆದಿರುತ್ತದೆ.