‘ಊಟ ಆಯ್ತಾ?’: ಒಂದು ಅಂತರ್ಜಾಲೀಯ ಮೀಮಾಂಸೆ

ಶ್ರೀ ಗಣೇಶಾಯ ನಮಃ. ನೆಟ್‌ವರ್ಕಿಗೂ ನಮಃ, ಅದು ಹೋದರೆ ಈ ಶಾಸ್ತ್ರವೇ ಇಲ್ಲ.

ಪ್ರಬಂಧದ ವಿಷಯ ಇಷ್ಟು. ಊರು ಕೇರಿ ತಿಳಿಯದ, ಮುಖವನ್ನೇ ಕಾಣದ ಸಾವಿರಾರು ಜನರನ್ನು ಒಬ್ಬಾಕೆ ಮೊಬೈಲಿನೊಳಗಿಂದ ‘ಎಲ್ಲರಿಗೂ ನಮಸ್ಕಾರ, ಹೇಗಿದ್ದೀರ, ಊಟ ಆಯ್ತಾ?’ ಎಂದು ಕೇಳುತ್ತಾಳೆ. ಈ ಕಡೆ ಕೂತ ಜೀವವೊಂದು ‘ಆಯ್ತಮ್ಮ’ ಎನ್ನುತ್ತದೆ. ಇದು ಭ್ರಾಂತಿಯೋ, ಮೈತ್ರಿಯೋ, ಅಥವಾ ಬರೀ ಕಿವಿಮಂದವೋ? ಮೂರನೆಯದನ್ನು ಮೊದಲೇ ತಳ್ಳಿಹಾಕುತ್ತೇನೆ. ನನ್ನ ಕ್ಷೇತ್ರಕಾರ್ಯದ ಏಕೈಕ ವಕ್ತೃ ಅರಸೀಕೆರೆಯ ನಮ್ಮ ಚಿಕ್ಕಮ್ಮ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ಆಕೆಯ ಬಳಿ ಇರುತ್ತದೆ.

ಮೊದಲಿಗೆ ಪ್ರಾಚೀನರ ಮತ. 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಏರಿದ ಮೊಟ್ಟಮೊದಲ ವಿಡಿಯೊ 19 ಸೆಕೆಂಡಿನದು. ಅದರಲ್ಲಿ ಜಾವೇದ್ ಕರೀಮ್ ಎಂಬ ತರುಣ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ ಎಂದು ಹೇಳಿ ಮುಗಿಸುತ್ತಾನೆ. ನೋಡುವವರ ಯೋಗಕ್ಷೇಮ ವಿಚಾರಿಸುವುದಿಲ್ಲ. ಆದ್ದರಿಂದ ಈ ಯುಗವನ್ನು ‘ಪೂರ್ವ-ಊಟಾಯ್ತಾ ಕಾಲ’ವೆಂದು ಕರೆಯತಕ್ಕದ್ದು. ಮರುವರ್ಷವೇ, 1927ರಲ್ಲಿ ಹುಟ್ಟಿದ ಪೀಟರ್ ಓಕ್ಲಿ ಎಂಬ ಇಂಗ್ಲೆಂಡಿನ ಅಜ್ಜ ಮನೆಯಲ್ಲಿ ಕೂತು ತನ್ನ ಬಾಲ್ಯ, ಯುದ್ಧಕಾಲದ ಕಥೆಗಳನ್ನು ಹೇಳತೊಡಗಿದ. ಮೊಮ್ಮಕ್ಕಳ ಪ್ರಾಯದ ಅಪರಿಚಿತರು ಮುಗಿಬಿದ್ದು ಕೇಳಿದರು. ಆಂಧ್ರದ ಮಸ್ತಾನಮ್ಮ ನೂರು ದಾಟಿದ ವಯಸ್ಸಿನಲ್ಲಿ ಬಯಲಲ್ಲಿ ಒಲೆ ಹೂಡಿ, ಕಲ್ಲಂಗಡಿಯೊಳಗೆ ಕೋಳಿ ಬೇಯಿಸಿ ತೋರಿಸಿದಳು. ಒಂದಕ್ಷರ ತೆಲುಗು ಬಾರದವರೂ ಅವಳನ್ನು ಅಜ್ಜಿ ಎಂದರು. 2018ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡಾಗ ಅವರಿಗೆಲ್ಲ ಸೂತಕದ ಸಂಕಟ. ಎಷ್ಟು ದಿನದ ಸೂತಕ ಎಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಆಧಾರ ದೊರೆತಿಲ್ಲ.

ಇನ್ನು ಪೂರ್ವಪಕ್ಷ. 1956ರಲ್ಲಿ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬಿಬ್ಬರು ಅಮೆರಿಕದ ಪಂಡಿತರು ರೇಡಿಯೊ, ಟೀವಿಯವರ ಮೇಲೆ ಕೇಳುಗರಿಗೆ ಹುಟ್ಟುವ ಸಲಿಗೆಗೆ ‘ಪ್ಯಾರಾಸೋಶಿಯಲ್’ ಎಂದು ನಾಮಕರಣ ಮಾಡಿದರು. ಈ ಕಡೆಯವರಿಗೆ ಆ ಕಡೆಯವರು ಗೊತ್ತು, ಆ ಕಡೆಯವರಿಗೆ ಈ ಕಡೆಯವರು ಗೊತ್ತಿಲ್ಲ; ಒಂದೇ ಕೈಯ ಚಪ್ಪಾಳೆ ಎಂಬುದು ಅವರ ವಾದದ ತಾತ್ಪರ್ಯ. ಆದರೆ ಕಾಳಿದಾಸನ ಯಕ್ಷ ಹೆಂಡತಿಗೆ ಸಮಾಚಾರ ಕಳಿಸಿದ್ದು ಮೋಡದ ಕೈಲಿ. ಮೋಡ ‘ಹೂಂ’ ಎನ್ನಲಿಲ್ಲ. ಹಾಗೆಂದು ಯಕ್ಷನಿಗೆ ರೋಗದ ಹೆಸರಿಡಲಾದೀತೇ?

ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲಿ ಬರೆದ ಪ್ರಕಾರ, ಕೆಲವು ಮಾತುಗಳು ವಿಷಯ ತಿಳಿಸಲಿಕ್ಕಲ್ಲ, ನಂಟು ಬೆಸೆಯಲಿಕ್ಕೆ ಮಾತ್ರ. ಇಂಥ ತತ್ತ್ವಕ್ಕೆ ಆತ ಟ್ರೋಬ್ರಿಯಾಂಡ್ ದ್ವೀಪಗಳವರೆಗೆ ಹೋಗಿ ಬರಬೇಕಾಯಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಎರಡು ಬೀದಿ ನಡೆದಿದ್ದರೆ ನಾಲ್ಕು ಜನ ‘ಊಟ ಆಯ್ತಾ ಸಾರ್?’ ಎಂದು ಕೇಳಿ ಕೆಲಸ ಮುಗಿಸಿಕೊಡುತ್ತಿದ್ದರು.

ಈ ಪ್ರಶ್ನೆಗೆ ಒಂದು ಕಟ್ಟುಪಾಡಿದೆ. ಬೀದಿಯಲ್ಲಿ ಕೇಳಿದವರಿಗೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಆಯ್ತು’ ಎನ್ನಬೇಕು. ‘ಇಲ್ಲ’ ಎಂದರೆ ಕೇಳಿದವರು ಒಳಗೆ ಕರೆಯಬೇಕಾಗುತ್ತದೆ, ಒಳಗಿದ್ದವರು ಸಾರಿಗೆ ನೀರು ಬೆರೆಸಬೇಕಾಗುತ್ತದೆ. ಮೊಬೈಲಿನವಳಿಗೆ ಈ ಭಯವಿಲ್ಲ. ಲಕ್ಷ ಜನ ‘ಇಲ್ಲ’ ಎಂದರೂ ಒಂದು ಎಲೆ ಹಾಕಬೇಕಿಲ್ಲ. ಹಾಗಾದರೆ ಅವಳದು ಪುಕ್ಕಟೆ ಪ್ರೀತಿಯಲ್ಲವೇ ಎಂದು ಪೂರ್ವಪಕ್ಷಿ ಮೀಸೆ ತಿರುವುತ್ತಾನೆ.

ಪ್ರತ್ಯಕ್ಷ ಪ್ರಮಾಣ ನೋಡೋಣ. ಮಧ್ಯಾಹ್ನ ಒಂದು ಗಂಟೆ. ಉಪ್ಪಿನಕಾಯಿ ಜಾಡಿಗೆ ಒರಗಿಸಿದ ಮೊಬೈಲು, ಗಾಜಿನ ಮೇಲೆ ಹಿಟ್ಟಿನ ಬೆರಳಚ್ಚು. ಶಿರಸಿ ಕಡೆಯ ಮಾತಿನ ಹೆಂಗಸು ತಂಬುಳಿಗೆ ಒಂದೆಲಗ ತೊಳೆಯುತ್ತ ‘ಊಟ ಆಯ್ತಾ?’ ಎಂದಳು. ಈಳಿಗೆಮಣೆಯ ಮೇಲಿಂದಲೇ ಚಿಕ್ಕಮ್ಮ, ‘ಎಲ್ಲಿ ಆಯ್ತು ಕಣಮ್ಮ, ಅಕ್ಕಿ ಈಗ ಇಟ್ಟಿದೀನಿ. ಮಂಡಿ ನೋವು, ಬೆಳಿಗ್ಗೆ ಏಳಕ್ಕಾಗ್ಲಿಲ್ಲ’ ಎಂದರು. ನಾನು ಪೆನ್ನು ಕೆಳಗಿಟ್ಟೆ. ಹತ್ತು ನಿಮಿಷದ ಹಿಂದೆ ಇದೇ ಪ್ರಶ್ನೆಗೆ ಎದುರುಮನೆಯವರಿಗೆ ‘ಆಯ್ತು’ ಎಂದಿದ್ದರು. ಮಂಡಿ ನೋವಿನ ಸುದ್ದಿ ನನಗೂ ಹೊಸದು.

ಇದರಿಂದ ಸಿದ್ಧವಾಗುವ ಸೂತ್ರ: ಉಪಚಾರಕ್ಕೆ ಕೇಳಿದವರಿಗೆ ಸುಳ್ಳು, ಸ್ನೇಹಿತರಿಗೆ ನಿಜ. ವಿಡಿಯೊ ಮೂರು ವಾರ ಹಳೆಯದು ಎಂಬ ಆಕ್ಷೇಪವನ್ನು ನಾನೇ ಎತ್ತಿದೆ. ‘ಕಾಗದ ಬರೆಯೋ ಕಾಲದಲ್ಲಿ ನಿಮ್ಮಜ್ಜಿ ಕ್ಷೇಮ ಅಂತ ಓದೋ ಹೊತ್ತಿಗೆ ಬರೆದೋರಿಗೆ ಜ್ವರ ಬಂದು ಹೋಗಿರ್ತಿತ್ತು, ಸುಮ್ನಿರು’ ಎಂದು ಚಿಕ್ಕಮ್ಮ ಖಂಡಿಸಿದರು. ಖಂಡನೆ ಅಂಗೀಕೃತ.

ಆಮೇಲೊಮ್ಮೆ ಹನ್ನೆರಡು ದಿನ ವಿಡಿಯೊ ಬರಲಿಲ್ಲ. ಹೋದ ಸಲ ಅವಳು ಕೆಮ್ಮಿದ್ದನ್ನು ಚಿಕ್ಕಮ್ಮ ಗುರುತಿಟ್ಟುಕೊಂಡಿದ್ದರು. ಆರನೆಯ ದಿನ ದೇವಸ್ಥಾನಕ್ಕೆ ಹೋಗಿ ಅರ್ಚನೆಗೆ ಚೀಟಿ ಬರೆಸಿದರು. ಹೆಸರು? ಗೊತ್ತಿಲ್ಲ. ನಕ್ಷತ್ರ? ಗೊತ್ತಿಲ್ಲ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂಬ ಅನುಕೂಲ ನಮ್ಮಲ್ಲಿದೆ. ಹೆಸರಿನ ಜಾಗದಲ್ಲಿ ಅರ್ಚಕರು ‘ತಂಬುಳಿಯವರು’ ಎಂದು ಬರೆದುಕೊಂಡರು.

ಹದಿಮೂರನೆಯ ದಿನ ಅವಳು ಪ್ರತ್ಯಕ್ಷಳಾದಳು. ತಮ್ಮನ ಮದುವೆಗೆ ತವರಿಗೆ ಹೋಗಿದ್ದಳಂತೆ. ಮುಖದಲ್ಲಿ ಮದುವೆಮನೆಯ ಕಳೆ, ಕೈತುಂಬ ಹಸಿರು ಬಳೆ. ‘ಹೇಗಿದ್ದೀರ? ಊಟ ಆಯ್ತಾ?’

ಚಿಕ್ಕಮ್ಮ ಮೊಬೈಲನ್ನು ಮಗುಚಿಟ್ಟರು. ‘ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು ಇವಳಿಗೆ?’

ಹಾರ್ಟನ್-ವೋಲ್ ಪಂಡಿತರು ಈ ಮುನಿಸಿನ ಪ್ರಕರಣವನ್ನು ಎದುರಿಸಿದ್ದರೆ ಏನೆನ್ನುತ್ತಿದ್ದರೋ. ಎರಡು ದಿನ ಮಾತಿಲ್ಲ. ವಿಡಿಯೊ ಓಡುತ್ತಿತ್ತು, ಚಿಕ್ಕಮ್ಮ ಗೋಡೆ ನೋಡುತ್ತ ಹುರುಳಿಕಾಯಿ ಮುರಿಯುತ್ತಿದ್ದರು. ಮೂರನೆಯ ದಿನ ಅವಳು ಮೆಂತ್ಯ ಹುರಿಯುತ್ತ ಮತ್ತೆ ಕೇಳಿದಳು. ಈ ಕಡೆ ಸ್ವಲ್ಪ ಹೊತ್ತು ಬರೀ ಕಾಯಿ ಮುರಿಯುವ ಸದ್ದು.

‘ನಂದಾಯ್ತು. ಆ ಮೆಂತ್ಯ ಸೀಯ್ತಾ ಇದೆ, ಉರಿ ಸಣ್ಣ ಮಾಡು.’