ಹತ್ತು ಕಾಳು ಬಡ್ಡಿ, ಒಂದೂವರೆ ಕಾಳು ಅಸಲು

ನಮ್ಮ ಅಗರಖೇಡದಲ್ಲಿ ಸಾಲ ಮಾಡಿದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದು ನೆಗಡಿ ಇದ್ದ ಹಾಗೆ, ಎಲ್ಲರ ಮನೆಗೂ ಬರುತ್ತದೆ. ಆದರೆ ವಾಯಿದೆಗೆ ಎಂಟೂವರೆ ವರ್ಷ ಮೊದಲೇ ಸಾಲ ತೀರಿಸಿದವನು ಓಣಿಯಲ್ಲಿ ಹಾದುಹೋದರೆ ಕಟ್ಟೆಯ ಮೇಲಿನ ಮಾತು ಗಪ್ಪಾಗುತ್ತದೆ. 2025ರ ನವೆಂಬರಿನಿಂದ ಹಾಗೆ ಹಾದುಹೋಗುತ್ತಿರುವವನು ನಾನು. "ಮಾಸ್ತರಗ ಏನರೆ ಜಡ್ಡು ಗಿಡ್ಡು ಬಂದೈತೇನವಾ? ಎಲ್ಲಾ ಹಿಂಗ ಗಡಬಡಿಸಿ ಯಾಕ ಮುಗಸಾಕತ್ಯಾನ?" ಎಂದು ಎದುರು ಮನೆಯ ಕಾಕಾ ನನ್ನ ಹೆಂಡತಿಯನ್ನು ಮರೆಗೆ ಕರೆದು ಕೇಳಿದರಂತೆ.

ಮೂಲದಲ್ಲಿ ತಪ್ಪು ಮಾಳಿಗೆಯದು. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಿರಗದ ಮಳೆ ಬಿತ್ತೆಂದರೆ ಮಾತ್ರ ಒಳಗೊಂದು ಮಳೆ, ಹೊರಗೊಂದು ಮಳೆ. ಹೊರಗಿನದು ನಿಂತ ಮೇಲೂ ಒಳಗಿನದು ಎರಡು ತಾಸು ಸುರಿಯುತ್ತಿತ್ತು. ಪ್ರತಿ ವರ್ಷ ಮೇಲೆ ಹತ್ತಿ ಮಣ್ಣು ಹಾಕಿಸಿ ಹಾಕಿಸಿ, ಕಡೆಗೆ ತೊಲೆಗಳೇ ನಡು ಬಾಗಿಸಿ ಕೈಮುಗಿದವು. ಹೆಂಡತಿ ಒಂದೇ ಮಾತು ಹೇಳಿದಳು: "ಸ್ಲ್ಯಾಬ್ ಹಾಕಸ್ರಿ, ಇಲ್ಲಾ ಕೊಡಿ ಹಿಡಕೊಂಡ ರೊಟ್ಟಿ ಬಡಿಯೂದ ಕಲಸ್ರಿ."

2014ರಲ್ಲಿ ಗಾಂವಠಾಣದ ಜಾಗಕ್ಕೆ ಪಂಚಾಯತಿಯಿಂದ ಇ-ಸ್ವತ್ತಿನ ನಮೂನೆ 9, ನಮೂನೆ 11 ತೆಗೆಸಿ, ಇಂಡಿಯ ಒಂದು ಬ್ಯಾಂಕಿನ ಮೇಜಿನ ಮೇಲೆ ಇಟ್ಟೆ. ಅಜ್ಜನ ಕಾಲದ ಖರೀದಿ ಪತ್ರವನ್ನೂ ಇಟ್ಟೆ. 12 ಲಕ್ಷ ರೂಪಾಯಿ, 20 ವರ್ಷ. ನಮ್ಮ ಹಿರಿಯರು ಗಹಾಣ ಎಂದು ಕರೆಯುತ್ತಿದ್ದ ಕೆಲಸ ಇದೇ. ಆಗ ಸಾಹುಕಾರ ಗಾದಿಯ ಮೇಲೆ ಕೂತಿರುತ್ತಿದ್ದ, ಈಗ ಕುರ್ಚಿ ತಿರುಗುತ್ತದೆ, ಅಷ್ಟೇ ಫರಕು. ಅಲ್ಲಲ್ಲಿ ಗುರುತು ಹಾಕಿಕೊಟ್ಟ ಜಾಗದಲ್ಲೆಲ್ಲ ಸಹಿ ಮಾಡಿದೆ. ಎಷ್ಟು ಸಹಿ ಎಂದರೆ, ಕೊನೆ ಕೊನೆಗೆ ನನ್ನ ಹೆಸರಿನ ಕಾಗುಣಿತದ ಮೇಲೇ ನನಗೆ ಅನುಮಾನ ಬಂತು.

ಇಲ್ಲೊಂದು ಸಂಗತಿ ಒಪ್ಪಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಚಕ್ರಬಡ್ಡಿಯ ಪಾಠವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಮಾಡಿದ್ದೇನೆ. 'ರಾಮನು ಶೇಕಡಾ 10ರಂತೆ ಸಾಲ ಪಡೆದನು' ಎಂದು ಬೋರ್ಡಿನ ಮೇಲೆ ಬರೆದು, ಲೆಕ್ಕ ತಪ್ಪಿಸಿದ ಹುಡುಗರ ಕಿವಿ ಹಿಂಡಿದ್ದೇನೆ. ಆದರೆ ಆ ರಾಮ ನಾನೇ ಆದಾಗ ಲೆಕ್ಕ ಮಾಡಲೇ ಇಲ್ಲ. ಕಂತು 11,580 ರೂಪಾಯಿ ಎಂದರು. ಪಗಾರದಲ್ಲಿ ಕೂಡುತ್ತದೆ ಎಂದೆ. ಮುಗಿಯಿತು.

ಒಂಬತ್ತು ವರ್ಷ ಹೀಗೇ ನಡೆಯಿತು. ನಡುವೆ 2020ರಲ್ಲಿ ಕೊರೊನಾ ಬಂದು, ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ತುಂಬದಿದ್ದರೂ ನಡೆಯುತ್ತದೆ ಎಂದರು. ನಮ್ಮ ಸ್ಟಾಫ್ ರೂಮಿನಲ್ಲಿ ಪೇಢಾ ಹಂಚಿದರು. ಕಂತಿಗೆ ರಜೆ ಸಿಕ್ಕಿತ್ತು, ಬಡ್ಡಿ ರಜೆ ಹಾಕಿರಲಿಲ್ಲ. ಅದು ಲಾಕ್‌ಡೌನಿನಲ್ಲೂ ಹಗಲು ರಾತ್ರಿ ದುಡಿಯಿತು. ಆಮೇಲೆ 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು 4ರಿಂದ 6.5ಕ್ಕೆ ಏರಿಸಿತು. ನನ್ನ ಕಂತು ಮಾತ್ರ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಎಂಥ ಒಳ್ಳೆಯ ಬ್ಯಾಂಕಪ್ಪಾ ಎಂದುಕೊಂಡೆ. ಬೇಸಿಗೆ ರಜೆಯಲ್ಲಿ ಲೆಕ್ಕದ ಹಾಳೆ ತೆಗೆಸಿ ನೋಡಿದಾಗ ಗೊತ್ತಾಯಿತು, ಕಂತು ಬೆಳೆಯದಿದ್ದರೂ ತಿಂಗಳುಗಳು ಬೆಳೆದಿದ್ದವು. ಪಂಢರಪುರಕ್ಕೆ ದಿಂಡಿ ಹೊರಟವನಿಗೆ ಒಂಬತ್ತು ದಿನ ನಡೆದ ಮೇಲೆ, ವಿಠ್ಠಲ ಇನ್ನಷ್ಟು ಆಚೆ ಸರಿದು ನಿಂತಿದ್ದಾನೆ ಎಂದು ಹೇಳಿದ ಹಾಗಾಯಿತು.

ಮನೆಗೆ ಬಂದರೆ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಮಾಲದಂಡಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಮೋತಿ ನೋಡಿ, "ಏನಾತೋ ತಮ್ಮಾ?" ಎಂದಳು. ಹೇಗೆ ತಿಳಿಸುವುದು? ಮೊರದಿಂದ ಕಾಳು ಆರಿಸಿಕೊಂಡೆ.

"ಅವ್ವಾ, ಒಂದ ಕಾಳ ಅಂದ್ರ ಒಂದ ಸಾವಿರ ರೂಪಾಯಿ."

"ಏನ್ ತುಟ್ಟಿ ಜ್ವಾಳೋ ಯಪ್ಪಾ!"

"ಮೊದಲನೇ ತಿಂಗಳ ನಾ ಬ್ಯಾಂಕಿಗೆ ಹನ್ನೊಂದೂವರಿ ಕಾಳ ತುಂಬಿದ್ನಿ. ಇದರಾಗ ಈ ಹತ್ತ ಕಾಳ ಬಡ್ಡಿಗೆ. ಇದ ಒಂದು, ಮತ್ತ ಈ ಅರ್ಧಾ ನುಚ್ಚು, ಅಸಲಿಗೆ."

ಅವ್ವ ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು. ಹತ್ತು ಕಾಳಿನ ಗುಂಪನ್ನು ನೋಡಿದಳು, ಒಂದೂವರೆ ಕಾಳನ್ನು ನೋಡಿದಳು, ನನ್ನನ್ನೂ ನೋಡಿದಳು. "ಅಂದ್ರ ಹತ್ತ ಚೀಲ ಬಾಡಗಿ ಕೊಟ್ಟು ಒಂದೂವರಿ ಚೀಲ ಮಾಲ ಹೊತಗೊಂಡ ಬಂದಿ. ಮ್ಯಾಲ ಮಂದಿ ಹುಡುಗರಿಗೆ ಲೆಕ್ಕಾ ಕಲಸ್ತಿ."

ಅಷ್ಟರಲ್ಲಿ ಪಕ್ಕದ ಮನೆಯ ಕೋಳಿ ಒಳಗೆ ನುಗ್ಗಿ ಅಸಲನ್ನು ನುಂಗಿತು. ಬಡ್ಡಿಗೆ ಬಾಯಿ ಹಾಕಲಿಲ್ಲ.

ತಿಂಗಳು ಕಳೆದಂತೆ ಬಡ್ಡಿಯ ಗುಂಪು ಕರಗಿ ಅಸಲಿನ ಗುಂಪು ಬೆಳೆಯುತ್ತದೆ, ನಿಜ. ಆದರೆ ಅದರ ನಡಿಗೆ ಎಮ್ಮೆ ನಡಿಗೆ. ಶೇಕಡಾ 10ರ ಬಡ್ಡಿ ಏರದೆ ಇಳಿಯದೆ ನಡೆಯಿತು ಎಂದೇ ಹಿಡಿಯಿರಿ: ಒಂಬತ್ತು ವರ್ಷಕ್ಕೆ 108 ಕಂತು, ಒಟ್ಟು ಹನ್ನೆರಡೂವರೆ ಲಕ್ಷ ತುಂಬಿರುತ್ತೀರಿ. ತಂದದ್ದೇ 12 ಲಕ್ಷ. ಇನ್ನೂ ಉಳಿದಿರುವುದು ಒಂಬತ್ತೂಕಾಲು ಲಕ್ಷ! ಇಪ್ಪತ್ತೂ ವರ್ಷ ಹೀಗೇ ಹೋದರೆ ಕೊಡುವುದು ಒಟ್ಟು 27 ಲಕ್ಷ 79 ಸಾವಿರದಷ್ಟು. ಒಂದು ಮನೆ ನಮಗೆ ಕಟ್ಟಿಸಿಕೊಂಡು, ಇನ್ನೊಂದನ್ನು ಬ್ಯಾಂಕಿಗೆ ಕಟ್ಟಿಸಿ, ಅದಕ್ಕೆ ಸುಣ್ಣವನ್ನೂ ಬಳಿಸಿಕೊಟ್ಟ ಹಾಗೆ. ಅದೇ ಮೊದಲಿನಿಂದ ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ತುಂಬಿದ್ದರೆ ಇಪ್ಪತ್ತು ವರ್ಷದ ಸಾಲ ಸುಮಾರು ಹದಿನಾರಕ್ಕೆ ಮುಗಿಯುತ್ತಿತ್ತು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದು ಎಂದು ರಿಸರ್ವ್ ಬ್ಯಾಂಕು 2012ರ ಜೂನಿನಲ್ಲೇ ಹೇಳಿಬಿಟ್ಟಿದೆ. ಬಾಗಿಲು ತೆರೆದೇ ಇತ್ತು. ನಾನು ಒಂಬತ್ತು ವರ್ಷ ಕಿಟಕಿಯಲ್ಲಿ ಇಣುಕುತ್ತ ನಿಂತಿದ್ದೆ.

ತೀರಿಸಿಯೇಬಿಡುತ್ತೇನೆ ಎಂದು ಕಟ್ಟೆಯ ಮೇಲೆ ಬಾಯಿ ಬಿಟ್ಟದ್ದು ಎರಡನೆಯ ತಪ್ಪು. "ಹುಚ್ಚದಿ ಏನಲೇ? ಮನ್ನಾ ಆಗ್ತೈತಿ ತಡಿ," ಎಂದರು ಕಾಕಾ. ಅವರ ಮಾತಿಗೆ ಆಧಾರವಿದೆ. 2017ರಲ್ಲಿ ಸಹಕಾರಿ ಸಂಘಗಳ ಬೆಳೆಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಆಯಿತು. 2018ರಲ್ಲಿ ಬ್ಯಾಂಕಿನ ಬೆಳೆಸಾಲವೂ 2 ಲಕ್ಷದವರೆಗೆ ಸೇರಿತು. ನಮ್ಮ ಓಣಿಯ ಒಬ್ಬ ಮಾತ್ರ 2017ರ ಬೇಸಿಗೆಯಲ್ಲೇ ಸೊಸಾಯಿಟಿ ಸಾಲ ತುಂಬಿ, ಉತಾರದ ಮೇಲಿನ ಬೋಜಾ ಇಳಿಸಿಕೊಂಡು, ಮೀಸೆ ತಿರುವಿದ್ದ. ಜೂನಿನಲ್ಲಿ ಮನ್ನಾ ಘೋಷಣೆಯಾಯಿತು. ಅವನ ಹೆಸರು ಈಗಲೂ ಊರಿನಲ್ಲಿ ಗಾದೆಯ ಹಾಗೆ ಚಾಲ್ತಿಯಲ್ಲಿದೆ. ಬೆಳೆಸಾಲ ಬೇರೆ, ಮನೆ ಸಾಲ ಬೇರೆ, ಮಾಸ್ತರನ ಮನೆ ಸಾಲ ಯಾವ ಸರಕಾರವೂ ಮನ್ನಾ ಮಾಡುವುದಿಲ್ಲ ಎಂದು ಎಷ್ಟು ಹೇಳಿದರೂ ಕಾಕಾ ಕೇಳಲಿಲ್ಲ. "ಎಲೆಕ್ಷನ್ ಬರ್ಲಿ ತಡಿ."

ಬೆಂಗಳೂರಿನಲ್ಲಿರುವ ಅಕ್ಕನ ಮಗನ ರಾಗ ಬೇರೆ. "ಮಾಮಾ, ಎಂಟೂವರಿ ಒಂಬತ್ತು ಪರ್ಸೆಂಟಿನ ಸಾಲ ಯಾಕ ತೀರಸ್ತಿ? ಆ ರೊಕ್ಕಾ ಎಸ್‌ಐಪಿ ಹಾಕು, ಹನ್ನೆರಡು ಬರತೈತಿ." ಅವ್ವ ಸ್ಪೀಕರಿನಲ್ಲಿ ಕೇಳುತ್ತಿದ್ದವಳು, "ಬರತೈತಿ ಅಂತ ಬರದ ಕೊಡ್ತಾರೇನು ಕೇಳೋ," ಎಂದಳು. ಬರೆದು ಕೊಡುವುದಿಲ್ಲವಂತೆ. "ನಮ್ಮ ಕಡೆ ತಪ್ಪದಂಗ ಬರೂದು ಬರಗಾಲ ಒಂದs ಬಿಡು," ಎಂದು ಒಳಗೆ ಹೋದಳು. ಲೆಕ್ಕದಲ್ಲಿ ಹುಡುಗನೇ ಸರಿ ಇರಬಹುದು. ಆದರೆ ರಾತ್ರಿ ಎರಡಕ್ಕೆ ಎಚ್ಚರವಾಗಿ ಸ್ಲ್ಯಾಬ್ ನೋಡುತ್ತ ಮಲಗುವವನು ಅವನಲ್ಲ, ನಾನು. ಸ್ಟಾಫ್ ರೂಮಿನವರು ಆದಾಯ ತೆರಿಗೆಯ ರಿಯಾಯಿತಿ ಹೋಗುತ್ತದಲ್ಲ ಎಂದು ಕನಿಕರಪಟ್ಟರು. ಇಪ್ಪತ್ತು ರೂಪಾಯಿ ತೆರಿಗೆ ಉಳಿಸಲು ನೂರು ರೂಪಾಯಿ ಬಡ್ಡಿ ಕಟ್ಟುವ ಈ ಜಾಣತನದ ಬಗ್ಗೆ ಬೇರೆಯೇ ಪ್ರಬಂಧ ಬರೆಯಬಹುದು.

ಹಣ ಎಲ್ಲಿಂದ ಬಂತು? ಎರಡು ಎಕರೆ ಲಿಂಬೆಯಿಂದ ಅಷ್ಟಿಷ್ಟು. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ನಿಜ. ಆದರೆ ಮಳೆಗಾಲದಲ್ಲಿ ದರ ಬಿದ್ದಾಗ ಆ ಟ್ಯಾಗನ್ನು ಚೀಲಕ್ಕೆ ಕಟ್ಟಿದರೂ ಅದು ಗಾಡಿ ಬಾಡಿಗೆ ಕೊಡುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಕೈ ಹಿಡಿಯಿತು. ಜಿಪಿಎಫ್‌ನಿಂದ ಒಂದಿಷ್ಟು ತೆಗೆದೆ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗ ಜಾರಿಯಾಗಿ ಪಗಾರ ಏರಿತು. ಹೆಚ್ಚಾದದ್ದನ್ನೆಲ್ಲ ನೇರ ಅಸಲಿಗೆ ಜಮಾ ಮಾಡಿದೆ.

ಈ ಕೊನೆಯ ಸಂಗತಿಯಲ್ಲಿ ಮನೆಯೊಳಗೆ ಒಂದು ಮೊಕದ್ದಮೆ ಇನ್ನೂ ನಡೆದಿದೆ. ಹೆಂಡತಿ ಆಗಲೇ, "ಪಗಾರ ಏರಿದ್ರಾಗ ನಾಕ ತೊಲಿ ಬಂಗಾರ ಮಾಡಸ್ರಿ, ಸಾಲ ಎಲ್ಲಿ ಓಡಿ ಹೋಗ್ತೈತಿ?" ಎಂದಿದ್ದಳು. ನಾನು ಗಣಿತದ ಮಾಸ್ತರ. ಬಂಗಾರ ಬಡ್ಡಿ ಹುಟ್ಟಿಸುವುದಿಲ್ಲ ಎಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಆಗ ಹತ್ತು ಗ್ರಾಮಿಗೆ 70 ಸಾವಿರದ ಆಸುಪಾಸಿನಲ್ಲಿದ್ದ ಬಂಗಾರ 2025ರ ದೀಪಾವಳಿ ಹೊತ್ತಿಗೆ 1 ಲಕ್ಷ 20 ಸಾವಿರ ದಾಟಿತು. ಆ ಹಾಳೆಯನ್ನು ಅವಳು ಇಸ್ತ್ರಿ ಮಾಡಿದ ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದಾಳೆ. ಯಾರದಾದರೂ ಮದುವೆಗೆ ಹೊರಟಾಗ ತೆಗೆದು ಮತ್ತೊಮ್ಮೆ ಓದಿಸುತ್ತಾಳೆ.

ಅಂತೂ ನವೆಂಬರಿನಲ್ಲಿ ಕಡೆಯ ಚೆಕ್ ಕೊಟ್ಟೆ. ಹಾರ ಹಾಕದಿದ್ದರೂ ಒಂದು ಕಪ್ ಚಾ ಆದರೂ ಕೊಟ್ಟಾರು ಎಂದುಕೊಂಡಿದ್ದೆ. ಅಲ್ಲಿದ್ದ ಹುಡುಗ, "ಯಾಕ್ ಸರ್, ನಮ್ಮ ಸರ್ವಿಸ್ ಸರಿ ಅನಿಸಲಿಲ್ಲೇನ್ರಿ?" ಎಂದು ನೊಂದುಕೊಂಡ. ಆಮೇಲೆ ಟಾಪ್-ಅಪ್ ಸಾಲದ ಅರ್ಜಿ ಮುಂದೆ ಚಾಚಿದ.

ಮನೆಯ ಕಾಗದ ವಾಪಸು ಬರಲು ಕಾಯಬೇಕಿತ್ತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ಮರಳಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, 2023ರ ಡಿಸೆಂಬರಿನಿಂದ. ಓದಿ ನನ್ನ ಮನಸ್ಸು ಕೆಟ್ಟಿತು. ನನ್ನ ದಿನದ ಪಗಾರಕ್ಕಿಂತ ಹೆಚ್ಚು! ಬ್ಯಾಂಕಿನವರು ಆರಾಮ ಇರಲಿ, ರಜೆಗಳು ಬರಲಿ, ಕಂಪ್ಯೂಟರ್ ಬಂದ್ ಬೀಳಲಿ ಎಂದು ದೇವರಿಗೆ ಕಾಯಿ ಹರಕೆ ಹೊತ್ತೆ. ಇಪ್ಪತ್ತೆರಡನೆಯ ದಿನ ಮುಂಜಾನೆ ಹತ್ತಕ್ಕೇ ಫೋನು: "ಸರ್, ಡಾಕ್ಯುಮೆಂಟ್ ರೆಡಿ ಅದಾವ್ರಿ." ಅಷ್ಟು ಚುರುಕು ಕೆಲಸ ನೋಡಿ ನನಗೆ ಬಹಳ ಬೇಸರವಾಯಿತು.

ಬೇಬಾಕಿ ಪತ್ರ, ಮೂಲ ಕಾಗದ ಹಿಡಿದು ಬಸ್ಸಿನಲ್ಲಿ ಬರುವಾಗ 1875 ನೆನಪಾಯಿತು. ನಮ್ಮ ಭೀಮೆ ಹರಿದುಬರುವ ಮೇಲ್ದಂಡೆಯ ಪುಣೆ, ಅಹಮದನಗರ ಸೀಮೆಯಲ್ಲಿ ಆ ವರ್ಷ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಕಾಗದ. ಸಾಲದ ಪತ್ರಗಳನ್ನು ಹೊರಗೆಳೆದು ಬೆಂಕಿಗೆ ಹಾಕಿದರು. ನಾಲ್ಕು ವರ್ಷಕ್ಕೆ ಬ್ರಿಟಿಷರು ರೈತರ ಪರಿಹಾರಕ್ಕೆಂದು ಒಂದು ಕಾಯ್ದೆಯನ್ನೇ ತಂದರು. ಹೊಳೆಯಾಚೆಯ ಸೋಲಾಪುರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಅವರು ಬೆಂಕಿ ಹಚ್ಚಿ ಬಿಡಿಸಿಕೊಂಡದ್ದನ್ನು ನಾನು ಲಿಂಬೆಹಣ್ಣು ಮಾರಿ ಬಿಡಿಸಿಕೊಂಡೆ ಎಂದು ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕೂತೆ. ಕಂಡಕ್ಟರ್ ಬಂದು, "ಸರ್, ಸರದ ಕುಂಡರ್ರಿ," ಎಂದ.

ಸಾಲ ಇಲ್ಲದವನ ಕಷ್ಟ ತಿಳಿದದ್ದು ಆಮೇಲೆ. ಅವ್ವ ಖುಷಿಗೆ ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿ, ಕಟ್ಟಿನ ಸಾರು ಬಡಿಸುತ್ತ ಬಡಿಸುತ್ತ, "ನಮ್ಮ ತಮ್ಮಾ ಸಾಲ ಹರದಾನ್ರವಾ" ಎಂದು ಪಂಕ್ತಿ ಪಂಕ್ತಿಗೆ ಸಾರಿದಳು. ಮರುದಿನ ಜಾತ್ರೆ ಕಮಿಟಿಯವರು ಬಂದರು. ಹನ್ನೊಂದು ವರ್ಷ ನಾನು ಅವರಿಗೆ, "ಮನಿ ಸಾಲ ಐತ್ರೆಪಾ" ಎಂದು 501ರಲ್ಲೇ ಮುಗಿಸಿದ್ದೆ. ಈ ಸಲ ಅವರೇ 5,001 ಎಂದು ರಸೀದಿ ಬರೆದುಕೊಂಡೇ ಬಂದಿದ್ದರು. ಮೂರನೆಯ ದಿನ ಷಡ್ಡಕ ಟ್ರ್ಯಾಕ್ಟರಿನ ವಿಚಾರ ಮಾತಾಡಲು ಬಂದ. ನಾಲ್ಕನೆಯ ದಿನ ಸ್ಟಾಫ್ ರೂಮಿನ ಗೆಳೆಯ, "ನಿನ್ನ ಸಿಬಿಲ್ ಭಾಳ ಚೊಲೋ ಆಗಿರಬೇಕಲ್ಲ," ಎಂದು ಹೆಗಲ ಮೇಲೆ ಕೈ ಹಾಕಿ, ಜಾಮೀನಿನ ಅರ್ಜಿ ತೆಗೆದ. ಹೆಂಡತಿ ಬಂಗಾರದ ಹಾಳೆ ತೆಗೆದಳು. ಇಷ್ಟು ವರ್ಷ ಈ ದಂಡನ್ನೆಲ್ಲ ಒಂದೇ ಮಾತಿನಿಂದ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ ಸಾಲವನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೆ. ವಾಚ್‌ಮನ್ ಇಟ್ಟಿದ್ದರೂ ಇಷ್ಟು ಪಗಾರಕ್ಕೆ ಇಂಥ ಕಾವಲು ಕಾಯುತ್ತಿರಲಿಲ್ಲ.

ಇನ್ನು ಕಾಗದ ಇಡುವುದೆಲ್ಲಿ? ಟ್ರಂಕಿನಲ್ಲಿ ಇಟ್ಟರೆ ಇಲಿ. ಕಪಾಟಿನಲ್ಲಿ ಇಟ್ಟರೆ ಮೊಮ್ಮಗನ ಬಣ್ಣದ ಪೆನ್ಸಿಲ್. ಹಳೆಯ ಜೋಳದ ಹಗೇವಿನಲ್ಲಿ ಹೂಳೋಣವೇ ಎಂದು ಕೇಳಿದರೆ, 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ದಂಡೆ ಮೀರಿ ಬಂದದ್ದನ್ನು ಹೆಂಡತಿ ನೆನಪಿಸಿದಳು. ಹನ್ನೊಂದು ವರ್ಷ ಆ ಕಾಗದಕ್ಕೆ ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ. ನಮ್ಮ ಮನೆಗೆ ಬಂದ ಎಂಟು ದಿನಕ್ಕೆ ಅದರ ಮೂಲೆಯಲ್ಲಿ ಶೇಂಗಾ ಹಿಂಡಿಯ ಬೆರಳಚ್ಚು ಮೂಡಿತ್ತು.

ಮತ್ತೆ ಇಂಡಿಗೆ ಹೋದೆ. ಅದೇ ಬ್ಯಾಂಕು, ಅದೇ ಹುಡುಗ. "ಟಾಪ್-ಅಪ್ಪೇನ್ರಿ ಸರ್?" ಎಂದು ಎದ್ದು ನಿಂತ. ಲಾಕರ್ ಬೇಕು ಎಂದೆ. ಗುರುತು ಹಾಕಿಕೊಟ್ಟ ಜಾಗದಲ್ಲೆಲ್ಲ ಸಹಿ ಮಾಡಿದೆ. ಕಾಗದ ತನ್ನ ತವರಿಗೆ ಮರಳಿತು.

ಸಂಜೆ ಅವ್ವ ಮೊರದ ಮುಂದೆ ಕೂತಿದ್ದಳು. "ಸುಮ್ಮನ ಇಟಗೋತಾರೇನು?"

"ಇಲ್ಲವ್ವಾ, ವರ್ಷಕ್ಕ ಎರಡ ಕಾಳ ಕೊಡಬೇಕು."

ಅವ್ವ ಎರಡು ಕಾಳು ಆರಿಸಿ ನೆಲದ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಅವನ್ನೇ ನೋಡಿದಳು.

"ಇದರಾಗ ಅಸಲ ಎಷ್ಟೋ ತಮ್ಮಾ?"

ಹೊಸ್ತಿಲಲ್ಲಿ ಪಕ್ಕದ ಮನೆಯ ಕೋಳಿ ಒಂದು ಕಾಲೆತ್ತಿ ನಿಂತಿತ್ತು.