ಜಿಪುಣರ ರೇಸು

ಕಾರುಗಳು ಅತಿ ವೇಗವಾಗಿ ಓಡತೊಡಗಿದವು ಎಂಬ ಕಾರಣಕ್ಕೆ ಒಮ್ಮೆ ಬಾಗಿಲು ಹಾಕಿದ ರೇಸ್ ಟ್ರ್ಯಾಕೊಂದು ದಕ್ಷಿಣ ಇಂಗ್ಲೆಂಡಿನಲ್ಲಿದೆ. ಹೆಸರು ಗುಡ್‌ವುಡ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಾಯುನೆಲೆ. ಯುದ್ಧ ಮುಗಿದು ವಿಮಾನಗಳು ಹೊರಟುಹೋದ ಮೇಲೆ, ಮೈದಾನದ ಅಂಚಿನ ಸುತ್ತುರಸ್ತೆ ಸುಮ್ಮನೆ ಬಿದ್ದಿತ್ತು. ಜಮೀನಿನ ಒಡೆಯರಾದ ರಿಚ್‌ಮಂಡ್‌ನ ಡ್ಯೂಕ್ ಒಂದು ಕಾಲಕ್ಕೆ ಸ್ವತಃ ರೇಸು ಓಡಿಸಿದವರು. ಅಂಥವರ ಕಣ್ಣೆದುರಿಗೆ ಅಂಥ ರಸ್ತೆ ಎಷ್ಟು ದಿನ ಖಾಲಿ ಬಿದ್ದೀತು? 1948ರಲ್ಲಿ ಅಲ್ಲಿ ರೇಸು ಶುರುವಾಯಿತು. 1962ರಲ್ಲಿ ಸ್ಟರ್ಲಿಂಗ್ ಮಾಸ್‌ರಂಥ ಮಹಾರಥಿಯೇ ಇಲ್ಲಿ ಅಪಘಾತಕ್ಕೆ ಸಿಕ್ಕಿ, ಬದುಕಿ ಉಳಿದರೂ, ದೊಡ್ಡ ರೇಸುಗಳಿಂದ ದೂರವಾದರು. ಕಾರುಗಳ ವೇಗ ಏರುತ್ತಲೇ ಇತ್ತು. 1966ರಲ್ಲಿ ‘ಇನ್ನು ಸಾಕು’ ಎಂದು ರೇಸುಗಳನ್ನು ನಿಲ್ಲಿಸಿಬಿಟ್ಟರು. ಮತ್ತೆ ಬಾಗಿಲು ತೆರೆದದ್ದು 1998ರಲ್ಲಿ.

ಅದರ ಮರುವರ್ಷದಿಂದ ಅಲ್ಲಿಗೆ ಬರತೊಡಗಿದ ಹೊಸ ಕಾರುಗಳ ವಿಷಯದಲ್ಲಿ ಮಾತ್ರ ಯಾವ ಡ್ಯೂಕರಿಗೂ ವೇಗದ ಚಿಂತೆ ಇರಲಾರದು. ಅವನ್ನು ಕಟ್ಟಿದವರು ಶಾಲೆಯ ಮಕ್ಕಳು. ಓಡಿಸುವವರೂ ಅವರೇ.

1999ರಲ್ಲಿ ಹುಟ್ಟಿದ ಈ ಸ್ಪರ್ಧೆಯ ಹೆಸರು ಗ್ರೀನ್‌ಪವರ್. ಒಂಬತ್ತರಿಂದ ಹನ್ನೊಂದು ವರ್ಷದ ಚಿಕ್ಕವರಿಗೆ ಗಾಬ್ಲಿನ್ ಎಂಬ ಪುಟ್ಟ ಕಾರು, ಹನ್ನೊಂದರಿಂದ ಹದಿನಾರರವರಿಗೆ ಎಫ್-24, ಅದಕ್ಕೂ ದೊಡ್ಡವರಿಗೆ ಎಫ್-24 ಪ್ಲಸ್. ಹೆಸರಿನಲ್ಲಿರುವ 24 ವೋಲ್ಟಿನ ಲೆಕ್ಕ: ತಲಾ 12 ವೋಲ್ಟಿನ ಎರಡು ಲೆಡ್-ಆಸಿಡ್ ಬ್ಯಾಟರಿ. ಲಕ್ಷಾಧಿಪತಿ ಖಾಸಗಿ ಶಾಲೆಯಿರಲಿ, ಸರ್ಕಾರದ ಶಾಲೆಯಿರಲಿ, ಎಲ್ಲರಿಗೂ ಅದೇ ಮೋಟರು, ಅದೇ ಬ್ಯಾಟರಿ.

ಆ ಮೋಟರಿನ ತಾಕತ್ತು ಎಷ್ಟು? ಸುಮಾರು 240 ವ್ಯಾಟ್. ನಮ್ಮ ಅಡುಗೆಮನೆಗಳಲ್ಲಿ ಬೆಳಗಾಗೆದ್ದು ಕಾಯಿಚಟ್ನಿ ರುಬ್ಬುವ ಮಿಕ್ಸಿಯೇ 500ರಿಂದ 750 ವ್ಯಾಟ್. ಅಂದರೆ ಮಿಕ್ಸಿಯ ಅರ್ಧ ಬಲವೂ ಇಲ್ಲದ ಯಂತ್ರವೊಂದು ಹೆಲ್ಮೆಟ್ ತೊಟ್ಟ ಹುಡುಗಿಯನ್ನು, ಅವಳ ಸೀಟನ್ನು, ಬ್ಯಾಟರಿಗಳನ್ನು, ಬಣ್ಣ ಬಳಿದ ಮೈಯನ್ನು, ಆ ಮೈತುಂಬ ಅಂಟಿಸಿದ ಪ್ರಾಯೋಜಕರ ಸ್ಟಿಕ್ಕರುಗಳನ್ನು ಹೊತ್ತು ಡ್ಯೂಕರ 3.8 ಕಿಲೋಮೀಟರಿನ ಸುತ್ತನ್ನು ಮತ್ತೆ ಮತ್ತೆ ಸುತ್ತಬೇಕು. ಸುತ್ತುತ್ತದೆ. ಅದೂ ನಾಚಿಕೊಂಡು ಅಲ್ಲ. ಒಳ್ಳೆಯ ತಂಡಗಳ ಕಾರು ಗಂಟೆಗೆ 40 ಕಿಲೋಮೀಟರನ್ನು ಆರಾಮವಾಗಿ ದಾಟುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ಸಿಕ್ಕಿಬಿದ್ದ ಯಾವ ಆಮದು ಕಾರಿನ ಮಾಲೀಕನೂ ಈ ವೇಗವನ್ನು ಹಗುರವಾಗಿ ಕಾಣಲಾರ.

ಎರಡು ಬ್ಯಾಟರಿ ತುಂಬ ಹಿಡಿಸಿದರೂ ಒಳಗಿರುವ ವಿದ್ಯುತ್ತು ಒಂದು ಯೂನಿಟ್ಟಿಗಿಂತ ಕಡಿಮೆ. ಬೆಸ್ಕಾಂ ಬಿಲ್ಲಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಮೊತ್ತ. ಆ ಒಂದು ಯೂನಿಟ್ಟಿಗೂ ಗತಿಯಿಲ್ಲದ ಆಸ್ತಿಯನ್ನು ಒಂದೂವರೆ ಗಂಟೆಯವರೆಗೂ ಹಂಚಿ ಉಣ್ಣಬೇಕಾಗಿ ಬಂದದ್ದುಂಟು. ಗಡಿಯಾರ ನಿಂತಾಗ ಯಾರು ಹೆಚ್ಚು ದೂರ ಹೋಗಿದ್ದಾರೋ ಅವರು ಗೆದ್ದರು. ಇಲ್ಲಿಗೆ ಬಂದಾಗ ರೇಸಿನ ಹುರುಪೆಲ್ಲ ಇಳಿದು ಮಧ್ಯಮವರ್ಗದ ಮನೆಯ ತಿಂಗಳ ಕೊನೆಯ ವಾರ ಶುರುವಾಗುತ್ತದೆ.

ಮೊದಲ ಸಲ ಸ್ಟೀರಿಂಗ್ ಹಿಡಿದು ಕೂತ ಹುಡುಗನಿಗೆ ಇದು ತಿಳಿಯುವುದಿಲ್ಲ. ಬಾವುಟ ಬಿದ್ದದ್ದೇ ಗುಂಡಿಯನ್ನು ಪೂರ್ತಿ ಒತ್ತುತ್ತಾನೆ. (ಹಲವು ಕಾರುಗಳಲ್ಲಿ ಆಕ್ಸಿಲರೇಟರಿನ ನಾಜೂಕೆಲ್ಲ ಇರುತ್ತಿರಲಿಲ್ಲ. ಒಂದೇ ಗುಂಡಿ, ಒತ್ತಿದರೆ ಓಟ, ಬಿಟ್ಟರೆ ಇಲ್ಲ.) ಮೊದಲ ಸುತ್ತಿನಲ್ಲಿ ಹತ್ತಾರು ಕಾರು ಹಿಂದಕ್ಕೆ ಹಾಕುತ್ತಾನೆ. ಬೇಲಿಯಾಚೆ ನಿಂತ ಅಪ್ಪ ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಳ್ಳುತ್ತಾನೆ. ಪಿಟ್ಟಿನಲ್ಲಿರುವ ಮೇಷ್ಟ್ರು ಮಾತ್ರ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಮೇಷ್ಟ್ರ ಸಂಕಟಕ್ಕೆ ವಿಜ್ಞಾನದ ಆಧಾರವಿದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ. ಅದರ ಸ್ವಭಾವವನ್ನು ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್ 1897ರಲ್ಲಿ ಸೂತ್ರಕ್ಕೆ ಇಳಿಸಿದ. ಸಾರಾಂಶ ಇಷ್ಟೇ: ನಿಧಾನವಾಗಿ ಕೇಳಿದರೆ ಬ್ಯಾಟರಿ ಹೆಚ್ಚು ಕೊಡುತ್ತದೆ, ಅವಸರದಲ್ಲಿ ಕಿತ್ತುಕೊಳ್ಳಲು ಹೋದರೆ ಕಡಿಮೆ ಕೊಟ್ಟು ಕೈ ಝಾಡಿಸುತ್ತದೆ. ಹಳೆಯ ಕಾಲದ ಸಾಹುಕಾರರೂ ಹೀಗೆಯೇ ಇದ್ದರಂತೆ. ಇನ್ನು ಗಾಳಿಯದು ಬೇರೆಯೇ ಸುಲಿಗೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಹುಡುಗ ಮೊದಲ ಸುತ್ತಿನಲ್ಲಿ ಹಿಂದಕ್ಕೆ ಹಾಕಿದ ಕಾರುಗಳೆಲ್ಲ ಒಂದು ಗಂಟೆಯ ಬಳಿಕ ಒಂದೊಂದಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಅವನ ಪಕ್ಕದಿಂದ ಮುಂದೆ ಹೋಗುತ್ತವೆ. ಆಗ ಅಪ್ಪ ವಿಡಿಯೊ ಮಾಡುವುದಿಲ್ಲ.

ಹಾಗೆಂದು ಕೂಡಿಡುವುದರಲ್ಲೂ ಅತಿ ಮಾಡುವಂತಿಲ್ಲ. ಬಾವುಟ ಬೀಸಿದಾಗ ಬ್ಯಾಟರಿಯಲ್ಲಿ ಕಸುವು ಉಳಿದಿದ್ದರೆ ಅದೂ ನಷ್ಟವೇ. ಅದನ್ನು ಮನೆಗೆ ಕೊಂಡುಹೋಗಿ ಫ್ಯಾನು ಓಡಿಸಿಕೊಂಡರೆ ಅಂಕ ಸಿಗುವುದಿಲ್ಲ. ಕೊನೆಯ ಗೆರೆ ದಾಟುವ ಹೊತ್ತಿಗೆ ಸರಿಯಾಗಿ ದಿವಾಳಿಯಾಗಬೇಕು, ಒಂದು ಸುತ್ತು ಮೊದಲೂ ಅಲ್ಲ, ಆಮೇಲೂ ಅಲ್ಲ. ಈ ಲೆಕ್ಕಕ್ಕಾಗಿ ಹದಿಮೂರು ವರ್ಷದ ಹುಡುಗಿಯರು ಪಿಟ್ಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾರೆ. ಕಾರಿನ ವೋಲ್ಟು, ಆಂಪಿಯರು, ಮೋಟರಿನ ಬಿಸಿ ಎಲ್ಲವನ್ನೂ ಪುಟ್ಟ ಸರ್ಕಿಟ್ ಬೋರ್ಡು, ಮೊಬೈಲುಗಳ ಮೂಲಕ ತರಿಸಿಕೊಂಡು ಓದುತ್ತಾರೆ. ತರಗತಿಯಲ್ಲಿ ಓಮ್‌ನ ನಿಯಮ ಕೇಳಿದಾಗ ಕಿಟಕಿಯಾಚೆ ನೋಡುತ್ತಿದ್ದವರೂ ಇವರಲ್ಲಿ ಇರುತ್ತಾರೆ ಎನ್ನುವುದು ಭೌತಶಾಸ್ತ್ರದ ಮೇಷ್ಟ್ರುಗಳಿಗೆ ಸಂತೋಷವೋ ಅವಮಾನವೋ ಹೇಳುವುದು ಕಷ್ಟ.

ಕಾರು ಕಟ್ಟುವಾಗಲೂ ಇದೇ ಧೋರಣೆ. ಸೈಕಲ್ಲಿನ ಅಂಗಡಿಗೆ ಒಪ್ಪುವ ತೆಳ್ಳನೆಯ ಚಕ್ರ, ಚೈನು, ಹಲ್ಲಿನ ಗಾಲಿ. ಎದುರುಗಾಳಿ ಜೋರಾಗಿದ್ದರೆ ಒಂದೆರಡು ಹಲ್ಲು ಹೆಚ್ಚುಕಡಿಮೆ ಇರುವ ಗಾಲಿ ಬದಲಾಯಿಸಬೇಕು. ಆ ಒಂದು ಹಲ್ಲಿಗಾಗಿ ರೇಸಿನ ಬೆಳಗ್ಗೆ ತಂಡಗಳು ಎರಡು ಪಂಗಡವಾಗುವುದುಂಟು. ಮೈಗೆ ಎಷ್ಟೋ ತಂಡಗಳು ಬಳಸುವುದು ಒಳಗೆ ಟೊಳ್ಳಾದ ಹಗುರ ಪ್ಲಾಸ್ಟಿಕ್ ಹಾಳೆ. ಅಂಗಡಿ ಬೋರ್ಡು, ಚುನಾವಣೆಯ ಫಲಕಗಳಿಗೆ ಬಳಸುತ್ತಾರಲ್ಲ, ಅದೇ. ಮುಂದಿನ ಎರಡು ಚಕ್ರ ಕೂದಲೆಳೆಯಷ್ಟು ವಾರೆಯಾಗಿದ್ದರೂ ಟೈರು ನೆಲವನ್ನು ಉಜ್ಜಿಕೊಂಡು ಬ್ಯಾಟರಿಯನ್ನು ತಿಂದುಹಾಕುತ್ತದೆ. ಅದಕ್ಕೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ, ನೇರ ನೋಡಬೇಕು. ಮನೆ ಕಟ್ಟುವ ಮೇಸ್ತ್ರಿಯ ಗಾಂಭೀರ್ಯ ಆ ಹೊತ್ತಿಗೆ ಏಳನೇ ತರಗತಿಯ ಮುಖಗಳ ಮೇಲೆ ಬಂದಿರುತ್ತದೆ.

ರೇಸಿಗೆ ಮುಂಚೆ ತಪಾಸಣೆ. ತಲೆ ಕಾಯುವ ಕಂಬಿ ಭದ್ರವೋ, ಬೆಲ್ಟ್ ಗಟ್ಟಿಯೋ, ಬ್ರೇಕು ಹಿಡಿಯುತ್ತದೋ, ಹೊರಗಿನವರೂ ಕೈಹಾಕಿ ಕರೆಂಟು ಕಡಿಯಬಹುದಾದ ಸ್ವಿಚ್ಚು ಇದೆಯೋ. ಏನಾದರೂ ಆದರೆ ಚಾಲಕ ಯಾರ ನೆರವೂ ಇಲ್ಲದೆ ಚಕ್ಕನೆ ಹೊರಬರಬೇಕು. ಬೆಳಗ್ಗೆ ಹಾಸಿಗೆಯಿಂದ ಏಳಿಸಲು ಅಮ್ಮಂದಿರಿಗೆ ಅರ್ಧ ಗಂಟೆ ಹಿಡಿಸುವ ಮಕ್ಕಳು ಇಲ್ಲಿ ಎಷ್ಟು ಬೇಗ ಎದ್ದು ನಿಲ್ಲುತ್ತಾರೆಂದರೆ, ಅದನ್ನು ನೋಡಿದ ಅಮ್ಮಂದಿರಿಗೆ ಮನೆಗೂ ಇಂಥದೊಂದು ನಿಯಮಪುಸ್ತಕ ಬೇಕೆನಿಸಿದರೆ ತಪ್ಪಿಲ್ಲ.

ಈ ಆಟದಲ್ಲಿ ಶಾಲೆಯ ಕ್ರೀಡಾಲೋಕದ ವರ್ಣಾಶ್ರಮವೇ ತಲೆಕೆಳಗು. ಫುಟ್‌ಬಾಲ್ ತಂಡ ಆರಿಸುವಾಗ ಕೊನೆಯವರೆಗೂ ಯಾರೂ ಕರೆಯದೆ ನಿಲ್ಲುವ ಸಣಕಲು ಹುಡುಗ ಇಲ್ಲಿ ಕೋಹಿನೂರು. ಚಾಲಕ ಚಿಕ್ಕದಾದಷ್ಟೂ ಕಾರು ಹಗುರ, ಗಾಳಿಗೆ ಒಡ್ಡುವ ಮೈ ಕಡಿಮೆ.

ಅಮೆರಿಕದವರು ಇದನ್ನು ಒಪ್ಪಲಿಲ್ಲ. ಅಲ್ಲಿನ ಹೈಸ್ಕೂಲುಗಳಲ್ಲಿ ಎಲೆಕ್ಟ್ರಥಾನ್ ಎಂಬ ಇಂಥದ್ದೇ ರೇಸು ನಡೆಯುತ್ತದೆ: ಒಂದು ಗಂಟೆ, ಲೆಡ್-ಆಸಿಡ್ ಆದರೆ ಬ್ಯಾಟರಿಯ ತೂಕ 73 ಪೌಂಡ್ ಅಂದರೆ ಸುಮಾರು 33 ಕಿಲೋ ಮೀರಬಾರದು, ಹೆಚ್ಚು ದೂರ ಹೋದವರು ಗೆದ್ದಂತೆ. ಆದರೆ ಚಾಲಕ 180 ಪೌಂಡ್ ತೂಗಲೇಬೇಕು, ಅಂದರೆ ಸುಮಾರು 82 ಕಿಲೋ. ತೂಗದಿದ್ದರೆ ಕೊರತೆಯನ್ನು ಭಾರ ಹೇರಿ ತುಂಬಬೇಕು. ನಲವತ್ತೈದು ಕಿಲೋದ ಹುಡುಗಿ ತನಗಿಂತ ತುಸು ಹಗುರಾದ ಇನ್ನೊಬ್ಬಳನ್ನು ಕೂರಿಸಿಕೊಂಡಂತೆ ಹೊರಡಬೇಕು. ‘ಎಷ್ಟು ಸೊರಗಿದ್ದೀಯೇ, ಇನ್ನೊಂದು ತುತ್ತು ತಿನ್ನು’ ಎಂದು ನಮ್ಮ ಅಜ್ಜಿಯರು ಹೇಳುತ್ತಾ ಬಂದದ್ದನ್ನು ಕಾನೂನು ಮಾಡಿದ ಕ್ರೀಡೆ ಇದು.

ಹೆಚ್ಚು ಓಡುವುದಕ್ಕಿಂತ ಕಡಿಮೆ ಕುಡಿಯುವುದು ದೊಡ್ಡದು ಎಂಬ ಪಂದ್ಯ ಹೊಸದೂ ಅಲ್ಲ. 1939ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ವುಡ್ ರಿವರ್‌ನಲ್ಲಿ ಶೆಲ್ ಕಂಪನಿಯ ವಿಜ್ಞಾನಿಗಳು ಯಾರ ಕಾರು ಒಂದು ಗ್ಯಾಲನ್ ಪೆಟ್ರೋಲಿಗೆ ಹೆಚ್ಚು ದೂರ ಹೋಗುತ್ತದೆಂದು ಬಾಜಿ ಕಟ್ಟಿದರು. ಗೆದ್ದವನ ಕಾರು ಕೊಟ್ಟದ್ದು 49.73 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 21 ಕಿಲೋಮೀಟರ್. ಆ ಬಾಜಿಯೇ ಬೆಳೆದು ಶೆಲ್ ಇಕೊ-ಮ್ಯಾರಥಾನ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಯಾಯಿತು. 2019ರಲ್ಲಿ ಅದು ಬೆಂಗಳೂರಿಗೂ ಬಂತು. ಬರಲೇಬೇಕಿತ್ತು. ಶೋರೂಮಿಗೆ ಕಾಲಿಟ್ಟ ಗಳಿಗೆಯಲ್ಲಿ, ಕಾರಿನ ಬಣ್ಣವನ್ನೂ ನೋಡದೆ, ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಕೇಳುವ ಜನ ಇರುವ ಊರಿಗೆ ಬರದೆ ಅದು ಇನ್ನೆಲ್ಲಿಗೆ ಹೋದೀತು?

ಬೆಂಗಳೂರಿನ ನಂಟು ಇನ್ನೂ ಹಳೆಯದು. 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೌರಕಾರು ಕಟ್ಟಿ, ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ರೇಸು ಗೆದ್ದರು. ಅದೇ ವರ್ಷ ಆಸ್ಟ್ರೇಲಿಯಾಕ್ಕೆ ಹೋಗಿ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್ ಓಡಿ ಮೂರನೆಯವರಾದರು. ಆ ತಂಡದಲ್ಲಿದ್ದ ಬೆಂಗಳೂರಿನ ಹುಡುಗ ಚೇತನ್ ಮೈನಿ. ಊರಿಗೆ ಮರಳಿದ ಮೇಲೂ ಅವರಿಗೆ ಆ ಗುಂಗು ಬಿಡಲಿಲ್ಲ. 2001ರಲ್ಲಿ ‘ರೇವಾ’ ರಸ್ತೆಗಿಳಿಯಿತು. ಮುಂದಿನ ಸೀಟುಗಳ ಕೆಳಗೆ ಎಂಟು ಲೆಡ್-ಆಸಿಡ್ ಬ್ಯಾಟರಿ ಬಚ್ಚಿಟ್ಟುಕೊಂಡ ಆ ಪುಟಾಣಿ ಕಾರನ್ನು ಕಂಡು ನಮ್ಮವರು ಮೆಚ್ಚಿದರು, ಬೆನ್ನು ತಟ್ಟಿದರು, ಪೆಟ್ರೋಲ್ ಕಾರು ಕೊಂಡರು.

ಲಂಡನ್ನಿನವರು ರೇವಾವನ್ನು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಕೊಂಡರು. ಟಿವಿಯ ಕಾರು ಪಂಡಿತರು ಅದನ್ನು ಎಷ್ಟು ಸಾಧ್ಯವೋ ಅಷ್ಟು ಗೇಲಿ ಮಾಡಿದರು. ಆದರೆ ನಗರದ ಮಧ್ಯಭಾಗಕ್ಕೆ ನುಗ್ಗುವ ವಾಹನಗಳ ಮೇಲೆ 2003ರಲ್ಲಿ ಹೇರಿದ ಶುಲ್ಕ ಈ ಕಾರಿಗೆ ಇರಲಿಲ್ಲ. ಪಂಡಿತರು ನಗುತ್ತಾ ಶುಲ್ಕ ಕಟ್ಟಿದರು. ಜಿ-ವಿಜ್‌ನವರು ಮೊಣಕಾಲು ಮಡಚಿಕೊಂಡು ಪುಕ್ಕಟೆ ಒಳಗೆ ಹೋದರು.

ಗುಡ್‌ವುಡ್‌ನಲ್ಲಿ ರೇಸು ಮುಗಿದ ಮೇಲಿನ ಅರ್ಧ ಗಂಟೆಯನ್ನೂ ತಪ್ಪಿಸಿಕೊಳ್ಳಬಾರದು. ಸುತ್ತಲ ಹಳ್ಳಿಯವರ ನೆಮ್ಮದಿಗಾಗಿ ಈ ಟ್ರ್ಯಾಕಿನಲ್ಲಿ ಸದ್ದಿಗೆ ಮಿತಿಯಿದೆ. ಚೈನಿನ ಕರಕರ ಬಿಟ್ಟರೆ ಸದ್ದೇ ಇಲ್ಲದ ಈ ಕಾರುಗಳು ಆ ನಿಯಮವನ್ನು ಮುರಿಯಲಾರವು. ಮುರಿಯುವವರು ಸೋತ ಕಾರಣ ಹೇಳುತ್ತಿರುವ ತಂಡದವರು. ಒಬ್ಬರಿಗೆ ಎದುರುಗಾಳಿ, ಇನ್ನೊಬ್ಬರಿಗೆ ಟೈರಿನ ಗಾಳಿ. ಬ್ಯಾಟರಿ ಬೆಳಗ್ಗೆಯೇ ತಣ್ಣಗಿತ್ತು, ಮೋಟರು ಮಧ್ಯಾಹ್ನ ಬಿಸಿಯಾಯಿತು, ಚಾಲಕ ಬದಲಾಗುವಾಗ ಬೆಲ್ಟಿನ ಕೊಂಡಿ ಸಿಕ್ಕಿಕೊಂಡಿತು. ಆ ಹಲ್ಲಿನ ಗಾಲಿ ಬೇಡವೆಂದು ಮೊದಲೇ ಹೇಳಿದ್ದವರು ಈಗ ಮತ್ತೊಮ್ಮೆ ಹೇಳುತ್ತಾರೆ.

ಇವೆಲ್ಲಕ್ಕೂ ಮುಂದಿನ ವರ್ಷಕ್ಕೆ ಪರಿಹಾರ ಹುಡುಕಬಹುದು. ಪರಿಹಾರವಿಲ್ಲದ್ದು ಒಂದೇ: ಮಕ್ಕಳು ಬೆಳೆಯುತ್ತಾರೆ. ಕಳೆದ ವರ್ಷ ಅಳತೆ ತೆಗೆದು, ಅಂಗುಲ ಅಂಗುಲ ಕೊರೆದು, ಇವನಿಗೆಂದೇ ಕಟ್ಟಿದ ಕಾರಿನೊಳಗೆ ಬೇಸಿಗೆ ರಜೆ ಮುಗಿಸಿ ಬಂದ ಅದೇ ಹುಡುಗ ಕೂತರೆ ಮೊಣಕಾಲು ಸ್ಟೀರಿಂಗಿಗೆ ತಗುಲುತ್ತದೆ, ಹೆಲ್ಮೆಟ್ಟು ಕಂಬಿಗೆ ಮುಟ್ಟುತ್ತದೆ. ಕಾರನ್ನು ಹಿಗ್ಗಿಸುವಂತಿಲ್ಲ, ಹುಡುಗನನ್ನು ಕುಗ್ಗಿಸುವಂತಿಲ್ಲ. ಮೇಷ್ಟ್ರು ಟೇಪು ಸುತ್ತಿ ಜೇಬಿಗಿಳಿಸಿ, ಕರೆದುಕೊಂಡು ಹೋಗಲು ಬಂದ ಅಪ್ಪನತ್ತ ತಿರುಗಿ, ತೀರಾ ಸಹಜವೆಂಬಂತೆ ಕೇಳುತ್ತಾರೆ: ‘ಇವನಿಗೆ ತಮ್ಮ ಇದ್ದಾನಾ?’